ಎಡಕ್ಕೆ ತಿರುಗಿದ ಜಡೆ

ಕೊಯ್ಲು ಮುಗಿದು ಬೋಳಾದ ಹೊಲಗಳ ಕಡೆಯಿಂದ ಚಳಿ ಊರೊಳಕ್ಕೆ ಇಳಿದು ಎಂಟು ದಿನವಾಯಿತು. ಬೆಳಗಿನ ಐದೂವರೆ ಗಂಟೆ. ಹಾಲಿನವನ ಸೈಕಲ್ಲು ಇನ್ನೂ ಓಣಿಗೆ ಬಂದಿಲ್ಲ. ನಿನ್ನೆ ಹಾದುಹೋದ ಮೇವಿನ ಗಾಡಿ ಉದುರಿಸಿದ ಹುಲ್ಲು ಇಬ್ಬನಿ ಕುಡಿದು ನೆಲಕ್ಕೆ ಅಂಟಿಕೊಂಡಿದೆ. ಆರು ಹೆಜ್ಜೆ ಅಗಲದ ಈ ಓಣಿಯಲ್ಲಿ ಉರಿಯುತ್ತಿರುವ ದೀಪ ಒಂದೇ, ಮಹಡಿಯ ಒಂಟಿ ಕೋಣೆಯದು. ಅದರ ಕೆಳಗೆ ನಲವತ್ತೊಂದು ವರ್ಷದ ಹೆಂಗಸೊಬ್ಬರು ಗಿಡ್ಡ ಸ್ಟೂಲಿನ ಮೇಲೆ ಕೂತು, ಕಾಲಿಗೆ ಹಳೆಯ ಕಂಬಳಿ ಸುತ್ತಿಕೊಂಡು, ಬಣ್ಣಗೆಟ್ಟ ಉಲ್ಲನ್ನಿನ ತುಂಡೊಂದನ್ನು ಹೆಣೆಯುತ್ತಿದ್ದಾರೆ. ಹತ್ತು ಸಾಲು ಆಗುತ್ತದೆ. ಕಡ್ಡಿ ಎಳೆದು, ಹೆಣೆದಷ್ಟನ್ನೂ ಸರ್ರನೆ ಬಿಚ್ಚಿ, ದಾರವನ್ನು ಮತ್ತೆ ಉಂಡೆ ಸುತ್ತಿ ಪಕ್ಕಕ್ಕಿಡುತ್ತಾರೆ.

ನೋಡಿದವರಿಗೆ ಇದು ಮಾಡಲು ಕೆಲಸವಿಲ್ಲದವರ ಆಟದಂತೆ ಕಾಣಬಹುದು. ಆದರೆ ಆ ಹತ್ತು ಸಾಲು ಕೈ ಬಿಸಿ ಮಾಡಿಕೊಳ್ಳುವುದಕ್ಕೆ. “ಚಳಿಗೆ ಕೈ ಬಿಗಿದಿರುತ್ತೆ. ಬಿಗಿದ ಕೈಯಲ್ಲಿ ಶುರು ಮಾಡಿದ್ರೆ ಬೆಳಗಿನ ಸಾಲು ಒಂಥರ, ಮಧ್ಯಾಹ್ನದ ಸಾಲು ಇನ್ನೊಂಥರ. ಹಾಕ್ಕೊಂಡೋರಿಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ” ಅನ್ನುತ್ತಾರೆ. ಒಂಬತ್ತು ಚಳಿಗಾಲದಿಂದ ಅದೇ ಉಂಡೆ ದಿನವೂ ಹೆಣೆಸಿಕೊಂಡು ದಿನವೂ ಬಿಚ್ಚಿಸಿಕೊಳ್ಳುತ್ತಿದೆ. ಇವತ್ತಿನವರೆಗೆ ಒಂದು ಕಾಲುಚೀಲವೂ ಆಗಿಲ್ಲ. ಮನೆಯಲ್ಲಿ ತಾವು ಮಾತಾಡಿಸುವುದು ಅದೊಂದನ್ನೇ ಎಂದು ಅವರು ಹೇಳುವಾಗ ನಗುತ್ತಾರೆ, ಆದರೆ ಸುಳ್ಳು ಹೇಳುತ್ತಿರುವಂತೆ ಕಾಣುವುದಿಲ್ಲ.

ಅವರ ಕೈಯ ಸ್ವೆಟರು ತೊಟ್ಟ ಹೆಂಗಸರು ಈ ಊರಿನಲ್ಲೂ ಸುತ್ತಲ ಹತ್ತು ಹಳ್ಳಿಗಳಲ್ಲೂ ಇದ್ದಾರೆ. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬೆಳಗಿನ ಬಸ್ಸಿನಲ್ಲಿ ಆ ಸ್ವೆಟರುಗಳನ್ನು ಗುರುತು ಹಿಡಿಯಬಹುದು. ಎದೆಯ ಮೇಲೆ ಎರಡು ಎಳೆ ಒಂದನ್ನೊಂದು ಸುತ್ತಿಕೊಂಡು ಇಳಿಯುವ ಜಡೆಯ ವಿನ್ಯಾಸವಿರುತ್ತದೆ. ಎಲ್ಲರ ಹೆಣಿಗೆಯಲ್ಲಿ ಈ ಜಡೆ ಬಲಕ್ಕೆ ಹೊರಳಿದರೆ ಇವರದ್ದು ಎಡಕ್ಕೆ ಹೊರಳುತ್ತದೆ. ಹಾಗಾಗಿ ಅವರಿಗೆ ‘ಎಡಜಡೆ ಅಕ್ಕ’ ಎಂದೇ ಹೆಸರು ಬಿದ್ದಿದೆ. ಹುಟ್ಟಿದಾಗ ಇಟ್ಟ ಹೆಸರು ಏನೆಂದು ಓಣಿಯವರನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಅಕ್ಕ ಎಡಚರು ಎಂದು ಎಲ್ಲರೂ ತಿಳಿದಿದ್ದಾರೆ. ಅದು ತಪ್ಪು. ಅವರು ಉಣ್ಣುವುದು, ಬರೆಯುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಬಲಗೈಯಲ್ಲೇ. ಹೆಣಿಗೆಯ ಕಡ್ಡಿ ಹಿಡಿದಾಗ ಮಾತ್ರ ಕೈ ಅದಲುಬದಲಾಗುತ್ತದೆ. ಯಾಕೆ ಎಂಬುದನ್ನು ಅವರು ಇಪ್ಪತ್ತೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ಈ ಶನಿವಾರದೊಳಗೆ ಒಬ್ಬರಿಗೆ ಹೇಳಬೇಕಾಗಿದೆ. ಶನಿವಾರ ದಾಟಿದರೆ ಆ ಒಬ್ಬರು ಇಲ್ಲಿರುವುದಿಲ್ಲ.

ಕೈ ಬಿಸಿಯಾದ ಮೇಲೆ ಅಕ್ಕ ಕೈಗೆತ್ತಿಕೊಳ್ಳುವುದು ಗಿರಾಕಿಗಳ ಕೆಲಸವನ್ನಲ್ಲ. ದಿಂಬಿನ ಕವರಿನೊಳಗಿಂದ ಬೂದು ಬಣ್ಣದ ಕಾರ್ಡಿಗನ್ನೊಂದು ಹೊರಬರುತ್ತದೆ. ಬೆನ್ನು ಮುಗಿದಿದೆ, ಎರಡು ಎದೆಭಾಗ ಮುಗಿದಿದೆ, ಎಡತೋಳು ಮುಗಿದಿದೆ. ಬಲತೋಳು ಮೊಣಕೈವರೆಗೆ ಬಂದಿದೆ. ಇಂದು ಬುಧವಾರ. ಎದುರು ಮಹಡಿಯ ಹೆಣಿಗೆ ಟೀಚರು ಶನಿವಾರ ಬೆಳಗಿನ ಬಸ್ಸಿಗೆ ಕೋಣೆ ಖಾಲಿ ಮಾಡಿ ತಂಗಿಯ ಊರಿಗೆ ಹೊರಡುತ್ತಾರೆ. ಅಲ್ಲಿಗೆ ಬಸ್ಸಿನಲ್ಲಿ ಆರು ಗಂಟೆ ದಾರಿ. ಸುದ್ದಿ ತಂದದ್ದು ಟೀಚರ ಕೆಳಮನೆಯಲ್ಲಿ ಬಾಡಿಗೆಗಿರುವ ನರ್ಸು, ಇಪ್ಪತ್ತು ದಿನದ ಹಿಂದೆ. ಅವತ್ತಿನಿಂದ ಅಕ್ಕ ದಿನವೂ ಮಾಮೂಲಿಗಿಂತ ಎರಡೂವರೆ ಗಂಟೆ ಮೊದಲು ಏಳುತ್ತಿದ್ದಾರೆ.

ಅಕ್ಕ ಈ ಮಹಡಿಗೆ ಬಂದದ್ದು ಹತ್ತೊಂಬತ್ತರ ಹರೆಯದಲ್ಲಿ. ಹಳ್ಳಿಯಲ್ಲಿ ಅಪ್ಪನ ಜೊತೆ ಎರಡು ಎಮ್ಮೆ, ಒಂದು ತುಂಡು ತರಕಾರಿ ತೋಟ ನೋಡಿಕೊಂಡಿದ್ದ ಹುಡುಗಿ. ಈ ಊರಿನಲ್ಲಿದ್ದ ಅವರ ದೊಡ್ಡಕ್ಕನ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ದೊಡ್ಡಕ್ಕನಿಗೆ ಎರಡು ಸಣ್ಣ ಮಕ್ಕಳು, ಭಾವನಿಗೆ ಸೈಕಲ್ ರಿಪೇರಿ ಅಂಗಡಿ. ಒಂದು ತಿಂಗಳ ಮಟ್ಟಿಗೆ ಬಂದು ನೋಡಿಕೋ ಎಂದು ಕರೆಸಿಕೊಂಡರು. ಆ ಒಂದು ತಿಂಗಳು ಏಳು ವರ್ಷವಾಯಿತು.

ಅಜ್ಜಿ ಎಂದೇ ಕರೆಯುತ್ತಿದ್ದ ಆ ಮುದುಕಿ ನಿಮಿಷಕ್ಕೊಮ್ಮೆ ಕೂಗುವವರು. ಬಟ್ಟಲು ಕೊಡು, ದಿಂಬು ಸರಿಸು, ನೊಣ ಓಡಿಸು. ಕರೆದಾಗ ಪಕ್ಕದಲ್ಲಿಲ್ಲದಿದ್ದರೆ ಸತ್ತೇ ಹೋದೆನೆಂದು ಗಲಾಟೆ. ಹುಡುಗಿ ಮೆಟ್ಟಿಲಿಳಿದು ಓಣಿಗೆ ಕಾಲಿಡುವುದು ನೀರು ತರಲು ಮಾತ್ರ, ಅದೂ ಕೂಗಿಗೆ ಕಿವಿಗೊಟ್ಟುಕೊಂಡೇ. ಉಳಿದ ಹೊತ್ತು ಮಂಚದ ಪಕ್ಕದ ನೆಲದ ಮೇಲೆ. ಕತ್ತೆತ್ತಿದರೆ ಕಿಟಕಿ, ಕಿಟಕಿಯಾಚೆ ಎದುರು ಮನೆಯ ಕಿಟಕಿ. ಆ ಕಿಟಕಿಯಲ್ಲಿ ಬೆಳಗಿನಿಂದ ಬಿಸಿಲು ಇಳಿಯುವವರೆಗೆ ಐವತ್ತಾರು ವರ್ಷದ ಟೀಚರು ಕುರ್ಚಿ ಹಾಕಿಕೊಂಡು ಹೆಣೆಯುತ್ತಿದ್ದರು. ವಾರಕ್ಕೆ ಮೂರು ದಿನ ಏಳೆಂಟು ಹುಡುಗಿಯರು ಫೀಸು ಕೊಟ್ಟು ಕಲಿಯಲು ಬರುತ್ತಿದ್ದರು.

“ಮೊದಲು ಸುಮ್ನೆ ನೋಡ್ತಿದ್ದೆ. ಕೈ ಅಷ್ಟು ಜೋರಾಗಿ ಓಡ್ತಿದ್ದಾಗ್ಲೂ ಮುಖ ಮಾತ್ರ ನಿದ್ದೆ ಮಾಡ್ದಂಗೆ ಇರ್ತಿತ್ತು. ನನಗೆ ಆ ಮುಖ ಬೇಕು ಅನ್ನಿಸ್ತು” ಎಂದು ಅಕ್ಕ ನೆನೆಯುತ್ತಾರೆ. ಫೀಸಿಗೆ ಕೈಯಲ್ಲಿ ಕಾಸಿಲ್ಲ. ಕಾಸಿದ್ದರೂ ಅಜ್ಜಿಯ ಕೂಗಿನಿಂದ ಆಚೆ ಹೋಗುವಂತಿಲ್ಲ. ಭಾವನ ಅಂಗಡಿಯ ಮೂಲೆಯಿಂದ ಎರಡು ಸೈಕಲ್ ಕಡ್ಡಿ ತಂದು ಕಲ್ಲಿಗೆ ತಿಕ್ಕಿ ತುದಿ ನಯ ಮಾಡಿಕೊಂಡರು. ಅಜ್ಜಿಯದೇ ಹಳೆಯ ಸ್ವೆಟರು ಬಿಚ್ಚಿದಾಗ ದಾರ ಸಿಕ್ಕಿತು. ಎದುರಿನವರು ಮಾಡಿದಂತೆ ಮಾಡುತ್ತ ಹೋದರು.

ಅಲ್ಲೇ ಆದದ್ದು ಎಡವಟ್ಟು. ಎದುರು ಕೂತವರ ಬಲಗೈ ನೋಡುವವರ ಎಡಕ್ಕಿರುತ್ತದೆ. ಟೀಚರ ಬಲಗೈ ಕಡ್ಡಿ ಯಾವ ಕಡೆ ಆಡಿತೋ ಹುಡುಗಿ ತನ್ನ ಆ ಕಡೆಯ ಕೈಯನ್ನೇ ಆಡಿಸಿದಳು. ಸೀದಾ, ಉಲ್ಟಾ, ಕುಣಿಕೆ ಕೂಡಿಸುವುದು, ಬಿಡುವುದು, ಎಲ್ಲವೂ ಕನ್ನಡಿಯೊಳಗಿನಂತೆ ಬಂದವು. ಕಲಿಸುವವರು ಪಕ್ಕದಲ್ಲಿ ಕೂತಿದ್ದರೆ ಮೊದಲ ದಿನವೇ ಕೈಗೊಂದು ಏಟು ಹಾಕಿ ತಿದ್ದುತ್ತಿದ್ದರು. ಇಲ್ಲಿ ತಿದ್ದುವವರಿರಲಿಲ್ಲ. ಇದ್ದವರು ಅಜ್ಜಿಯೊಬ್ಬರೇ. ಅವರಿಗೆ ಹೆಣಿಗೆ ಬಾರದು, ಎಣಿಕೆ ಬರುತ್ತಿತ್ತು. ಕೂಗಿ ಕೂಗಿ ಬೇಸರವಾದಾಗ ಸಾಲು ಎಣಿಸಿಕೊಡುತ್ತಿದ್ದರು. ನಡುವೆ ನಿದ್ದೆ ಹತ್ತಿದರೆ ಎದ್ದು ಇಪ್ಪತ್ತು ಸಾಲು ಹಾರಿಸಿ ಮುಂದಿನದನ್ನು ಹೇಳುತ್ತಿದ್ದರು, ತಪ್ಪು ಒಪ್ಪಿಕೊಳ್ಳುತ್ತಿರಲಿಲ್ಲ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಆದ ಸ್ವೆಟರನ್ನು ಅವರಿಗೇ ತೊಡಿಸಿದ್ದಾಯಿತು. ಮಲಗಿದವರಿಗೆ ತೋಳು ಎಷ್ಟಿದ್ದರೇನು ಎಂದು ಅಜ್ಜಿಯೂ ಹಾಕಿಕೊಂಡರು.

ಹೊರಗಿನ ಮೊದಲ ಗಿರಾಕಿ ದೊಡ್ಡಕ್ಕನ ಗೆಳತಿ. ಸ್ವೆಟರು ತೊಟ್ಟು ನೋಡಿದ ಆಕೆ, ಇದು ನಮ್ಮ ಯಜಮಾನರಿಗೆ ಹೆಣೆದದ್ದಾ ಎಂದು ಕೇಳಿದರು. ಕಾಜ ಎಡಪಟ್ಟಿಗೆ, ಗುಂಡಿ ಬಲಪಟ್ಟಿಗೆ ಬಂದಿತ್ತು. ಅದು ಗಂಡಸರ ಬಟ್ಟೆಯ ಪದ್ಧತಿ. ಟೀಚರು ಮುಗಿಸಿದ ಸ್ವೆಟರನ್ನು ಬೆಳಕಿಗೆ ಎತ್ತಿ ಹಿಡಿದಾಗ ಕಾಜದ ಪಟ್ಟಿ ನೋಡುವವಳ ಎಡಕ್ಕೆ ಕಂಡಿತ್ತು, ಅವಳೂ ಎಡಕ್ಕೇ ಇಟ್ಟಿದ್ದಳು. ತಾನು ಕಲಿತದ್ದೆಲ್ಲ ತಿರುಗುಮುರುಗು ಎಂದು ಗೊತ್ತಾದದ್ದು ಅವತ್ತು. ಗುಂಡಿಯನ್ನು ಬದಲಾಯಿಸಿಕೊಂಡರು. ಕೈಯನ್ನು ಬದಲಾಯಿಸಲು ಆಗಲಿಲ್ಲ. ಅಷ್ಟು ಹೊತ್ತಿಗೆ ಅದು ಓಡುವುದನ್ನು ಕಲಿತುಬಿಟ್ಟಿತ್ತು.

ಐದನೇ ವರ್ಷಕ್ಕೆ ಎಡಜಡೆಯ ಸ್ವೆಟರು ಊರಿನಲ್ಲಿ ಓಡಾಡತೊಡಗಿತು. ಟೀಚರ ಹತ್ತಿರ ಹೋಗುತ್ತಿದ್ದ ಮೂರು ಮನೆಯವರು ಓಣಿಯ ಈ ಬದಿಯ ಮೆಟ್ಟಿಲು ಹತ್ತಿದರು. ಅದಾದ ಒಂದು ವಾರಕ್ಕೆ ಎದುರು ಕಿಟಕಿಗೆ ಅರ್ಧ ಪರದೆ ಬಿತ್ತು. ಕೈ ಕಾಣದಾಯಿತು, ಮುಖ ಕಾಣದಾಯಿತು, ನಡುನೆತ್ತಿಯ ಕೂದಲು ಮಾತ್ರ ಕಾಣುತ್ತಿತ್ತು. ಟೀಚರಿಗೆ ತಿಳಿಯಿತು, ನನ್ನ ಮುಖದ ಮೇಲೆ ಬಾಗಿಲು ಹಾಕಿದರು ಎಂದು ಅಕ್ಕ ಅಂದುಕೊಂಡರು. ಹದಿನೇಳು ವರ್ಷದಿಂದ ಹಾಗೇ ಅಂದುಕೊಂಡಿದ್ದಾರೆ. ಓಣಿಯಲ್ಲಿ ಟೀಚರು ಎದುರಾದರೆ ಗೋಡೆ ಕಡೆ ಮುಖ ಮಾಡಿ ನಿಂತು, ಅವರು ದಾಟಿದ ಮೇಲೆ ನಡೆದಿದ್ದಾರೆ. ಆ ಕೂದಲು ಕರಿಯಿಂದ ಬೂದಿಗೆ, ಬೂದಿಯಿಂದ ಬಿಳಿಗೆ ತಿರುಗಿದ್ದನ್ನು ಮಾತ್ರ ಒಂದು ದಿನವೂ ಬಿಡದೆ ನೋಡಿದ್ದಾರೆ.

“ಕೇಳಿ ತಗೊಂಡಿದ್ರೆ ಅದು ಪಾಠ. ಕೇಳದೆ ತಗೊಂಡ್ರೆ ಏನಂತಾರೆ ಅದಕ್ಕೆ?” ಎಂದು ಅವರು ಕೇಳುತ್ತಾರೆ.

ಅಜ್ಜಿ ತೀರಿಕೊಂಡ ಮೇಲೆ ಭಾವ ದೊಡ್ಡ ರಸ್ತೆಯ ಮೇಲಿನ ಬೇರೊಂದು ಊರಿಗೆ ಅಂಗಡಿ ಎತ್ತಿಕೊಂಡು ಹೋದರು, ಸಂಸಾರವೂ ಹೋಯಿತು. ಅಕ್ಕನನ್ನೂ ಕರೆದರು. ಹೋಗಲಿಲ್ಲ. ಈಗಲೂ ದೊಡ್ಡಕ್ಕನ ಫೋನು ಬರುತ್ತದೆ. “ಯಾರಿಗಾದ್ರೂ ಕಾಲು ಮುರಿದ್ರೆ ನನ್ನ ನೆನಪಾಗುತ್ತೆ ಅವಳಿಗೆ. ಪಾಪ, ಗಟ್ಟಿಮುಟ್ಟಾಗಿದಾರೆ ಎಲ್ಲರೂ, ಅದಕ್ಕೇ ಫೋನು ಕಮ್ಮಿ” ಎನ್ನುವಾಗ ಅಕ್ಕನ ಕಡ್ಡಿ ಒಂದು ಕ್ಷಣವೂ ನಿಲ್ಲುವುದಿಲ್ಲ.

ಎಂಟು ಗಂಟೆಗೆ ಬೂದು ಕಾರ್ಡಿಗನ್ನು ದಿಂಬಿನ ಕವರು ಸೇರುತ್ತದೆ, ಗಿರಾಕಿಗಳ ಕೆಲಸ ಹೊರಬರುತ್ತದೆ. ಒಂದು ಹೆಂಗಸಿನ ಸ್ವೆಟರಿಗೆ ಹತ್ತಿರ ಹತ್ತಿರ ಐವತ್ತು ಸಾವಿರ ಕುಣಿಕೆ. ದಿನಕ್ಕೆ ಐದು ಗಂಟೆ ಹೆಣೆದರೆ ಒಂಬತ್ತು ಸಾವಿರ ಆಗುತ್ತದೆ, ಆರು ದಿನಕ್ಕೊಂದು ಸ್ವೆಟರು. ಈ ಚಳಿಗೆ ಹನ್ನೊಂದು ಒಪ್ಪಿಕೊಂಡಿದ್ದಾರೆ. ಅದರ ನಡುವೆ ಕುತ್ತಿಗೆಪಟ್ಟಿ, ಶಾಲು, ಆಫೀಸಿನಲ್ಲಿ ಟೈಪ್ ಮಾಡುವವರಿಗೆ ಬೆರಳಿಲ್ಲದ ಕೈಗವಸು. ದಿನಕ್ಕೆ ಒಂಬತ್ತು ಸಾವಿರ ಕುಣಿಕೆ ಹಾಕುವ ಈ ಮನೆಯಲ್ಲಿ ದಿನಕ್ಕೆ ನೂರು ಮಾತು ಹುಟ್ಟುವುದು ಕಷ್ಟ. ಗಿರಾಕಿಗಳು ಮೆಟ್ಟಿಲ ಮೇಲೇ ನಿಂತು ಅಳತೆ ಕೊಟ್ಟು ಹೋಗುತ್ತಾರೆ. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇಲ್ಲ. ಬೇಕು ಅನ್ನಿಸಿದ ಕಾಲವೂ ಇತ್ತು, ಆಮೇಲೆ ಆ ಜಾಗಕ್ಕೆ ಉಲ್ಲನ್ನಿನ ಪೆಟ್ಟಿಗೆ ಬಂತು.

ಹತ್ತೂವರೆಗೆ ಬರುವವರು ಬ್ಯಾಂಕಿನಮ್ಮ. ದುಂಡಗಿನ ಮೈ, ದೊಡ್ಡ ದನಿ, ಕೈಯಲ್ಲಿ ಫೋನು. ಫೋನಿನಲ್ಲಿ ಒಂದು ಚಿತ್ರವಿದೆ. ಮೊಳಕಾಲುದ್ದದ, ಬೆಲ್ಟು ಕಟ್ಟಿದ ಸ್ವೆಟರು. ಅದರೊಳಗಿನ ಹುಡುಗಿ ಹೆಣಿಗೆ ಕಡ್ಡಿಗಿಂತ ಸ್ವಲ್ಪ ದಪ್ಪವಿದ್ದಾಳೆ. ಇಂಥದ್ದೇ ಬೇಕು ಎನ್ನುತ್ತಾರೆ ಬ್ಯಾಂಕಿನಮ್ಮ. ಅಕ್ಕ ಟೇಪು ಹಿಡಿಯುತ್ತಾರೆ. ಬ್ಯಾಂಕಿನಮ್ಮ ಉಸಿರು ಒಳಗೆಳೆದು ನಿಲ್ಲುತ್ತಾರೆ. ಅಕ್ಕ ಕಾಯುತ್ತಾರೆ. ಉಸಿರು ಬಿಡುವವರೆಗೂ ಕಾದು ಆಮೇಲೆ ಟೇಪು ನೋಡುತ್ತಾರೆ. ಎಷ್ಟು ಬಂತು ಎಂದು ಕೇಳಿದರೆ ಎರಡು ಇಂಚು ಕಡಿಮೆ ಹೇಳುತ್ತಾರೆ, ಪುಸ್ತಕದಲ್ಲಿ ಸರಿಯಾದದ್ದನ್ನು ಬರೆದುಕೊಳ್ಳುತ್ತಾರೆ.

“ಅಳತೆ ನನಗೂ ಟೇಪಿಗೂ ಇರೋ ಗುಟ್ಟು” ಎನ್ನುತ್ತಾರೆ ಆಕೆ ಹೋದ ಮೇಲೆ. ಚಿತ್ರದಲ್ಲಿರುವ ಅಡ್ಡಪಟ್ಟೆಯನ್ನು ಅವರು ಹೆಣೆಯುವುದಿಲ್ಲ. ಭುಜದಿಂದ ಕೆಳಕ್ಕೆ ಉದ್ದಕ್ಕೆ ಎರಡು ಜಡೆ ಇಳಿಸುತ್ತಾರೆ, ಬೆಲ್ಟನ್ನು ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ತರುತ್ತಾರೆ. ತೊಟ್ಟವರಿಗೆ ತಾವೇ ಫೋಟೋದ ಹುಡುಗಿ ಅನ್ನಿಸಬೇಕು. ಇನ್ನೊಂದು ನಿಯಮವೂ ಉಂಟು. ಕೇಳಲಿ, ಬಿಡಲಿ, ಪ್ರತಿ ಸ್ವೆಟರಿಗೂ ಎರಡು ಆಳವಾದ ಜೇಬು. “ಅಂಗಡಿಯೋರು ಹೆಂಗಸರ ಬಟ್ಟೆಗೆ ಜೇಬೇ ಇಡಲ್ಲ. ಬಸ್ಸಿಗೆ ಕಾಯೋವಾಗ ಕೈ ಎಲ್ಲಿಟ್ಕೋಬೇಕು ಅವರು? ಇನ್ನೊಬ್ಬರ ಕೈ ಹಿಡ್ಕೊಳ್ಳೋರಾದ್ರೆ ಸರಿ.”

ಟೀಚರ ಅಳತೆ ಸಿಕ್ಕಿದ್ದು ನರ್ಸಿನಿಂದ. ಆಕೆ ವಾರಕ್ಕೊಮ್ಮೆ ಟೀಚರ ರಕ್ತದೊತ್ತಡ ನೋಡುತ್ತಾರೆ. ತೋಳು ಎಷ್ಟು ದಪ್ಪ ಎಂದು ಅಕ್ಕ ಕೇಳಿದಾಗ ನರ್ಸು ನಕ್ಕು, ಪಟ್ಟಿ ಎರಡು ಸುತ್ತು ಬರುತ್ತೆ, ಅಷ್ಟೇ ಸಣ್ಣ ಎಂದಿದ್ದರು. ಅಕ್ಕ ಆ ಪಟ್ಟಿಯನ್ನು ತರಿಸಿಕೊಂಡು ಅಳೆದರು. ಭುಜಕ್ಕೆ ಮಾತ್ರ ಕಣ್ಣಂದಾಜು. ಐದು ವರ್ಷ ಹಗಲೆಲ್ಲ ನೋಡಿದ ಭುಜಕ್ಕೆ ಟೇಪು ಬೇಕೇ ಎಂದು ಅಕ್ಕನ ವಾದ.

ಕಷ್ಟ ಬಂದದ್ದು ಜಡೆಯಲ್ಲಿ. ಜಡೆ ಹೊರಳಿಸಲು ಬಳಸುವ ಮೂರನೇ ಕಡ್ಡಿಯನ್ನು ಮುಂದೆ ಹಿಡಿದರೆ ಒಂದು ಕಡೆ, ಹಿಂದೆ ಹಿಡಿದರೆ ಇನ್ನೊಂದು ಕಡೆ ಹೊರಳುತ್ತದೆ. ಅಕ್ಕನಿಗೀಗ ಎರಡೂ ಬರುತ್ತದೆ. ಟೀಚರ ಸ್ವೆಟರಿಗೆ ಟೀಚರದೇ ಜಡೆ ಇರಲಿ ಎಂದು ಮೊದಲು ಬಲಕ್ಕೆ ಹೊರಳಿಸಿದರು. ಒಂದು ಎದೆಭಾಗ ಪೂರ್ತಿ ಮುಗಿಯಿತು, ನೋಡಲು ಅಚ್ಚುಕಟ್ಟಾಗಿತ್ತು. ಎರಡು ದಿನ ಅದನ್ನು ಕಿಟಕಿಯ ಮೊಳೆಗೆ ತೂಗುಹಾಕಿ ನೋಡಿದರು. ಕದ್ದ ಕೈ ಬೇರೆ ಯಾರದೋ ಎಂಬಂತೆ ಅದು ತೂಗಾಡುತ್ತಿತ್ತು. ಮೂರನೇ ದಿನ ಅಷ್ಟನ್ನೂ ಬಿಚ್ಚಿ, ಮತ್ತೆ ಮೊದಲಿಂದ, ಎಡಕ್ಕೆ. “ಹೇಳೋದಕ್ಕೆ ಅಂತ ಹೋಗ್ತಿರೋದು. ಬಾಯಿ ಬರದೇ ಇದ್ರೆ ಜಡೆಯಾದ್ರೂ ಹೇಳ್ಲಿ.”

ಗುರುವಾರ ಸಂಜೆಗೆ ಗುಂಡಿಪಟ್ಟಿಯೂ ಮುಗಿಯುತ್ತದೆ. ಶುಕ್ರವಾರ ಬೆಳಗ್ಗೆ ಅಕ್ಕ ತಲೆ ಬಾಚಿಕೊಂಡು, ಸ್ವೆಟರನ್ನು ಒಗೆದ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ. ಓಣಿಯ ನಡುವಿನವರೆಗೆ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂಬ ನೆಪ ಸಿಕ್ಕಿ ವಾಪಸು ಬರುತ್ತಾರೆ. ಒಲೆ ಆರಿರುತ್ತದೆ. ಹನ್ನೊಂದಕ್ಕೆ ಇನ್ನೊಮ್ಮೆ ಹೊರಟಾಗ ಎದುರು ಬಾಗಿಲಲ್ಲಿ ಸಾಮಾನು ಸಾಗಿಸುವ ಗಾಡಿಯವನು ಬಾಡಿಗೆ ಮಾತಾಡುತ್ತಿರುತ್ತಾನೆ, ಮತ್ತೆ ವಾಪಸು. ಮೂರನೇ ಸಲ, ಬಿಸಿಲು ಓಣಿ ಬಿಟ್ಟು ಗೋಡೆ ಹತ್ತುವ ಹೊತ್ತಿಗೆ, ಅವರು ಎದುರು ಮನೆಯ ಹದಿನಾರು ಮೆಟ್ಟಿಲನ್ನು ಜೀವಮಾನದಲ್ಲೇ ಮೊದಲ ಬಾರಿಗೆ ಹತ್ತುತ್ತಾರೆ.

ಬಾಗಿಲು ತೆರೆದೇ ಇದೆ. ಕೋಣೆಯಲ್ಲಿ ಕಟ್ಟಿದ ಗಂಟುಗಳು, ಮಡಚಿದ ಹಾಸಿಗೆ, ಹಗ್ಗ ಸುತ್ತಿದ ಪೆಟ್ಟಿಗೆ. ಕುರ್ಚಿ ಮಾತ್ರ ಕಿಟಕಿಯ ಪಕ್ಕದಲ್ಲಿದೆ, ಅದರಲ್ಲಿ ಎಪ್ಪತ್ತೆಂಟರ ಟೀಚರು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ನೆರಳಿನ ಕಡೆ ಮುಖ ತಿರುಗಿಸಿ, ಔಷಧಿ ಅಂಗಡಿಯವಳಾ ಎಂದು ಕೇಳುತ್ತಾರೆ.

“ಅಲ್ಲ ಟೀಚರೇ. ಎದುರು ಕಿಟಕಿ.”

“ಎದುರು ಕಿಟಕೀಲಿ ಕಾಯಿಲೆ ಮುದುಕಿ ಇದ್ಲಲ್ಲ. ಯಾವಾಗಲೂ ಕೂಗ್ತಿದ್ಲು.”

“ಅವರ ಪಕ್ಕ ಕೂತಿರ್ತಿದ್ದೆ. ನೆಲದ ಮೇಲೆ.”

ಟೀಚರು ಹುಬ್ಬು ಗಂಟಿಕ್ಕುತ್ತಾರೆ. ಆ ಕಿಟಕಿಯೊಳಗೆ ಹಗಲು ಹೊತ್ತಿನಲ್ಲಿ ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ, ಕೂಗು ಮಾತ್ರ ಕೇಳುತ್ತಿತ್ತು ಎನ್ನುತ್ತಾರೆ. ಅಕ್ಕ ನಿಂತಲ್ಲೇ ನಿಲ್ಲುತ್ತಾರೆ. ಬಿಸಿಲಿನಲ್ಲಿ ಕೂತವರಿಗೆ ಕತ್ತಲಲ್ಲಿ ಕೂತವರು ಕಾಣುವುದಿಲ್ಲ ಎಂಬುದು ಅವರಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಪರದೆಯ ಮಾತು ತಾನಾಗಿ ಬಾಯಿಗೆ ಬರುತ್ತದೆ. ಟೀಚರಿಗೆ ಅದು ನೆನಪಿಗೆ ಬರುವುದಕ್ಕೇ ಸ್ವಲ್ಪ ಹೊತ್ತು ಬೇಕಾಗುತ್ತದೆ. ಓಣಿಯಲ್ಲಿ ಗಾಡಿಗಳು ಜಾಸ್ತಿಯಾಗಿ ಬಿಳಿ ಉಲ್ಲನ್ನಿಗೆಲ್ಲ ಧೂಳು ಕೂರುತ್ತಿತ್ತಂತೆ, ಅದಕ್ಕೆ ಹಾಕಿಸಿದ್ದಂತೆ.

ಅಕ್ಕ ಗಂಟು ಬಿಚ್ಚಿ ಸ್ವೆಟರನ್ನು ಅವರ ಮಡಿಲಿಗಿಡುತ್ತಾರೆ. ಟೀಚರು ಮೊದಲು ಮಾಡುವುದು ಅದನ್ನು ಒಳಮೇಲು ಮಾಡುವ ಕೆಲಸ. ಹೊಲಿಗೆ ಕೂಡಿದ ಕಡೆ ಹೆಬ್ಬೆರಳು ಓಡಿಸುತ್ತಾರೆ, ದಾರದ ತುದಿಗಳನ್ನು ಎಲ್ಲಿ ಅಡಗಿಸಿದ್ದಾರೆ ಎಂದು ಹುಡುಕುತ್ತಾರೆ, ಸಿಗುವುದಿಲ್ಲ. ಆಮೇಲೆ ಹೊರಮೈ. ಬೆರಳು ಎದೆಯ ಜಡೆಯ ಮೇಲೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

“ನನ್ನ ಜಡೆ ಇದು. ಆರು ಸಾಲಿಗೊಂದು ಹೊರಳು, ಪಕ್ಕಕ್ಕೆ ಎರಡು ಉಲ್ಟಾ. ಆದ್ರೆ ಆ ಕಡೆ ತಿರುಗಿದೆ.”

ಅಕ್ಕ ಹೇಳುತ್ತಾರೆ. ಸೈಕಲ್ ಕಡ್ಡಿ, ಅಜ್ಜಿಯ ಎಣಿಕೆ, ಕಿಟಕಿ, ಐದು ವರ್ಷ, ಆ ಮೂರು ಮನೆಯವರು. ಒಂದು ಮಾತಿನ ಮೇಲೆ ಇನ್ನೊಂದು ಬೀಳುತ್ತ, ತಡವರಿಸುತ್ತ, ವರ್ಷವಿಡೀ ಆಡುವಷ್ಟನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಕೊನೆಗೆ, ನಿಮ್ಮ ಹತ್ತಿರ ಕೇಳದೆ ತಗೊಂಡೆ, ಇದನ್ನು ಫೀಸು ಅಂದುಕೊಳ್ಳಿ ಎನ್ನುತ್ತಾರೆ.

ಟೀಚರು ಸ್ವೆಟರು ತೊಡಿಸು ಎಂದು ಕೈ ಚಾಚುತ್ತಾರೆ. ಅಕ್ಕ ತೋಳು ಏರಿಸಿ, ಭುಜ ಸರಿಪಡಿಸಿ, ಗುಂಡಿ ಹಾಕುತ್ತಾರೆ. ಕಂಕುಳ ಹತ್ತಿರ ಸ್ವಲ್ಪ ಬಿಗಿ ಎನ್ನುತ್ತಾರೆ ಟೀಚರು. ಬಿಚ್ಚಿ ಸರಿಮಾಡುತ್ತೇನೆ, ರಾತ್ರಿಯೊಳಗೆ ಕೊಡುತ್ತೇನೆ ಎಂದರೆ ತಲೆಯಾಡಿಸುತ್ತಾರೆ. ತಾನಿನ್ನು ಸಣ್ಣಗಾಗುವುದೇ ಹೊರತು ದಪ್ಪಗಾಗುವುದಿಲ್ಲ, ಇರಲಿ ಬಿಡು ಎನ್ನುತ್ತಾರೆ. ಎರಡೂ ಕೈ ಜೇಬಿನೊಳಗಿಟ್ಟು ಆಳ ನೋಡುತ್ತಾರೆ. ಆಮೇಲೆ ಕೇಳುತ್ತಾರೆ.

“ನನ್ನ ಹತ್ರ ಕಲಿಯೋಕೆ ಬರ್ತಿದ್ದೋರು ನಿಂತು ಎಷ್ಟು ವರ್ಷ ಆಯ್ತು ಗೊತ್ತಾ?”

“ಹನ್ನೆರಡೋ ಹದಿಮೂರೋ.”

“ಹದಿಮೂರು. ಅಂಗಡೀಲಿ ಮೆಷಿನ್ನಿನ ಸ್ವೆಟರು ಬಂತು, ಹುಡುಗೀರು ನಿಂತ್ರು. ನೀನು ಕಿತ್ಕೊಂಡಿದ್ದು ಅಂತ ಏನೂ ಇಲ್ಲ. ಅವತ್ತಿಂದ ಈ ಗೋಡೆ ಜೊತೆ ಮಾತಾಡ್ತಿದೀನಿ. ರೇಡಿಯೋದವನು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ದೆ, ಅವನಿಗೆ ಕೇಳ್ಸಲ್ಲ ಅಂತ ಗೊತ್ತಿದ್ದೂ.” ಉಸಿರು ತೆಗೆದುಕೊಳ್ಳುತ್ತಾರೆ. “ಓಣೀಲಿ ಇನ್ಯಾರೋ ಹೆಣೀತಾಳೆ ಅಂತ ಕೇಳಿದ್ದೆ, ಅಷ್ಟೇ. ಆರು ಹೆಜ್ಜೆ ಆಚೆ ನನ್ನ ಕೈ ಇಷ್ಟು ಚೆನ್ನಾಗಿ ಬಲ್ಲೋಳು ಒಬ್ಬಳು ಕೂತಿದ್ಲು, ನನಗೆ ಹೇಳೋರಿಲ್ಲ.”

ಅಕ್ಕ ಕುತ್ತಿಗೆಯ ಹತ್ತಿರದ ಗುಂಡಿಯನ್ನು ಮತ್ತೊಮ್ಮೆ ಸರಿಮಾಡುತ್ತಾರೆ.

“ಕಲಿತಿದ್ದಕ್ಕೆ ಸ್ವೆಟರು ತಗೊಂಡೆ. ಅದು ಮುಗೀತು” ಎನ್ನುತ್ತಾರೆ ಟೀಚರು. “ಬಂದು ಮಾತಾಡದೇ ಇದ್ದಿದ್ದಕ್ಕೆ ಏನು ಕೊಡ್ತೀಯಮ್ಮ?”

ಅಕ್ಕ ನೆಲದ ಮೇಲೆ ಕೂರುತ್ತಾರೆ. ನರ್ಸು ಸಂಜೆ ಊಟ ತರುವವರೆಗೂ ಹಾಗೇ ಕೂತಿರುತ್ತಾರೆ. ಇಬ್ಬರೂ ಆಡಿದ ಮಾತು ಕಡಿಮೆ. ಉಲ್ಲನ್ನಿಗೆ ನುಸಿ ಹಿಡಿಯದಂತೆ ಏನು ಹಾಕುತ್ತೀಯ ಎಂದು ಒಂದು, ತೋಳಿಗೆ ಕುಣಿಕೆ ಎಷ್ಟಕ್ಕೊಮ್ಮೆ ಕಡಿಮೆ ಮಾಡುತ್ತೀಯ ಎಂದು ಒಂದು. ಬಹಳ ವರ್ಷ ಮಾತಾಡದವರಿಗೆ ಎಲ್ಲಿಂದ ಶುರುಮಾಡಬೇಕು ಎಂಬುದೇ ಗೊತ್ತಾಗುವುದಿಲ್ಲ. ಶನಿವಾರ ಬೆಳಗ್ಗೆ ಗಾಡಿ ಬಂದು ಗಂಟುಗಳನ್ನು ಒಯ್ಯುತ್ತದೆ. ಟೀಚರು ಬೂದು ಕಾರ್ಡಿಗನ್ನು ತೊಟ್ಟು, ಕೈ ಎರಡೂ ಜೇಬಿನಲ್ಲಿಟ್ಟು, ನರ್ಸಿನ ಭುಜಕ್ಕೆ ಭುಜ ಆನಿಸಿ ನಡೆದುಹೋಗುತ್ತಾರೆ. ಬಸ್ಸಿನ ಹೊತ್ತಾಗಿತ್ತು, ಓಣಿಯಲ್ಲಿ ನಿಂತು ಮಾತಾಡಲು ಸಮಯವಿರಲಿಲ್ಲ. ಪರದೆ ಬಿಚ್ಚಿದ ಎದುರು ಕಿಟಕಿಯಲ್ಲಿ ಈಗ ಆಚೆ ಗೋಡೆಯ ಮೊಳೆಗಳೂ ಕಾಣುತ್ತವೆ.

ಭಾನುವಾರ ಅಕ್ಕ ಹೆಣೆಯುವುದಿಲ್ಲ. ನರ್ಸಿನಿಂದ ಟೀಚರ ತಂಗಿಯ ವಿಳಾಸ ಬರೆಸಿಕೊಳ್ಳುತ್ತಾರೆ. ಬಸ್ ನಿಲ್ದಾಣದವರೆಗೆ ನಡೆದುಹೋಗಿ ಆ ಊರಿನ ಬಸ್ಸು ಹೊರಡುವ ಹೊತ್ತು ಕೇಳಿಕೊಂಡು ಬರುತ್ತಾರೆ. ಚಳಿ ಮುಗಿದ ಮೇಲೆ ಹೋದರಾಯಿತು, ಹನ್ನೊಂದು ಸ್ವೆಟರಿದೆಯಲ್ಲ ಎಂದು ನರ್ಸು ಅಂದಾಗ, ಚಳಿ ಮುಗಿಯುವುದಕ್ಕೆ ಇನ್ನೂ ಮೂರು ತಿಂಗಳಿದೆ ಎಂದ ಅಕ್ಕ, ಟೀಚರಿಗೆ ವಯಸ್ಸೆಷ್ಟು ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಸೋಮವಾರ ಬ್ಯಾಂಕಿನಮ್ಮ ಸ್ವೆಟರನ್ನು ಭುಜಕ್ಕೆ ಹಿಡಿದು ನೋಡಲು ಬರುತ್ತಾರೆ. ಸ್ವೆಟರು ಅರ್ಧವಾಗಿದೆ, ಗುರುವಾರಕ್ಕೆ ಕೊಡುವ ಮಾತು. ಅಕ್ಕ ಅವರ ಬೆನ್ನ ಹಿಂದೆ ನಿಂತು ತೋಳು ಕೂಡುವ ಕಡೆ ದಾರದಿಂದ ಗುರುತು ಹಾಕುತ್ತ, ಇದು ಶನಿವಾರಕ್ಕಾಗುತ್ತದೆ ಎಂದು ತಿಳಿಸುತ್ತಾರೆ. ಈ ಕೆಲಸಕ್ಕೆ ಇಳಿದ ಮೇಲೆ ಅವರು ಕೊಟ್ಟ ದಿನ ತಪ್ಪಿಸುತ್ತಿರುವುದು ಇದೇ ಮೊದಲು. ಬ್ಯಾಂಕಿನಮ್ಮ ಗಾಬರಿಯಿಂದ ತಿರುಗಿ ನೋಡುತ್ತಾರೆ, ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ.

“ಹಾಗೇನಿಲ್ಲ. ಒಬ್ಬರ ಹತ್ರ ಮಾತಾಡೋದಿದೆ, ಹೋಗ್ಬೇಕು.”

“ಮಾತಾಡೋಕೆ ಎರಡು ದಿನಾನಾ ಅಕ್ಕ? ಫೋನಲ್ಲಿ ಆಡಿ ಮುಗಿಸಬಾರದಾ?”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, ಗುರುತನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ.

“ಇಪ್ಪತ್ತೆರಡು ವರ್ಷದ್ದು ಬಾಕಿ ಇದೆ, ಮೇಡಂ” ಎನ್ನುತ್ತಾರೆ.